ಬಾವಲಿಗೆ ಸಮಿತಿ, ನಾಯಿಗೆ ಬಿಸ್ಕತ್ತು

ಕೋಲಾರದ ನಮ್ಮ ಬಡಾವಣೆಯಲ್ಲಿ ಒಂದು ಚರಂಡಿ ಸರಿಮಾಡಿಸಲು ನಾಲ್ಕು ಜನ ಸೇರಿದ್ದಿಲ್ಲ. ಬಾವಲಿ ಓಡಿಸಲು ಒಂದೇ ಸಂಜೆಗೆ ಅರವತ್ತು ಜನ ಸೇರಿದರು. ಅಧ್ಯಕ್ಷರು, ಉಪಾಧ್ಯಕ್ಷರು, ಖಜಾಂಚಿ ಎಲ್ಲರೂ ಆಯ್ಕೆಯಾದರು. ಖಜಾನೆಯಲ್ಲಿ ಏನೂ ಇರಲಿಲ್ಲ, ಆದರೂ ಖಜಾಂಚಿ ಸ್ಥಾನಕ್ಕೆ ಮೂವರು ನಿಂತಿದ್ದರು.

ಕಾರಣ ವಾಟ್ಸಾಪ್. ಅಮೆರಿಕದಲ್ಲಿ ಬಾವಲಿಯಿಂದ ರೇಬೀಸ್ ಬರುತ್ತದಂತೆ. ನಮ್ಮ ಅರಳಿ ಮರದಲ್ಲಿ ನೂರಾರು ನೇತಾಡುತ್ತಿವೆ. ಮರ ಕಡಿಯಬೇಕು!

ಅಮೆರಿಕದ ಮಾತು ಸುಳ್ಳಲ್ಲ. ಅಲ್ಲಿ ರೇಬೀಸ್‌ನಿಂದ ಸಾಯುವ ಕೆಲವೇ ಜನರಲ್ಲಿ ಹೆಚ್ಚಿನವರಿಗೆ ಅದು ಬರುವುದು ಬಾವಲಿಯಿಂದಲೇ. ಯಾಕೆಂದರೆ ಅವರು ನಾಯಿಗಳಿಗೆ ಲಸಿಕೆ ಹಾಕಿ ಹಾಕಿ, ನಾಯಿಯಿಂದ ನಾಯಿಗೆ ಹರಡುವ ರೇಬೀಸನ್ನೇ ಮುಗಿಸಿಬಿಟ್ಟರು. ಉಳಿದದ್ದು ಬಾವಲಿಯಂಥ ಕಾಡುಜೀವಿಗಳು. ನಾವು ಅವರ ಲಸಿಕೆಯನ್ನು ಅಲ್ಲೇ ಬಿಟ್ಟು, ಭಯವನ್ನು ಮಾತ್ರ ತರಿಸಿಕೊಂಡೆವು. ಪ್ರಪಂಚದಲ್ಲಿ ಮನುಷ್ಯರಿಗೆ ತಗಲುವ ರೇಬೀಸ್‌ನಲ್ಲಿ ನೂರಕ್ಕೆ 99ರವರೆಗೆ ನಾಯಿಯಿಂದಲೇ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದನ್ನು ಸಭೆಯಲ್ಲಿ ಹೇಳಿದೆ. ಆಗ ಅಧ್ಯಕ್ಷರು ಕುರ್ಚಿ ಕೆಳಗೆ ಮಲಗಿದ್ದ ಬೀದಿನಾಯಿ ಕರಿಯನಿಗೆ ಬಿಸ್ಕತ್ತು ಹಾಕುತ್ತಿದ್ದರು. ಲಸಿಕೆ ಆಗಿದೆಯಾ ಅಂದೆ. "ಅಯ್ಯೋ, ನಮ್ಮ ಕರಿಯ ಸಾರ್, ಮಗು ಇದ್ದಂಗೆ" ಅಂದರು. ಮಗುವಿಗಾದರೂ ಪೋಲಿಯೋ ಹನಿ ಹಾಕಿಸುತ್ತೇವೆ, ಅಲ್ವಾ?

ಇನ್ನು ಬಾವಲಿಯ ಹಣೆಬರಹ ನೋಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣು ತಿನ್ನುವ ಬಾವಲಿ ಕಾಗೆ, ಇಲಿಗಳ ಸಾಲಿನಲ್ಲಿ ಪೀಡೆ ಎಂದು ಕೂತಿತ್ತು. 2022ರ ತಿದ್ದುಪಡಿ ಬರುವವರೆಗೂ ಅದೇ ಗತಿ. ನಮ್ಮ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಂತೂ ಎಲೆಮೂಗಿನ ಒಂದು ಪುಟ್ಟ ಬಾವಲಿ ಇದೆ. ಅದರ ಹೆಸರಲ್ಲೇ ಕೋಲಾರ ಇದೆ. ಇವತ್ತು ಪ್ರಪಂಚದಲ್ಲಿ ಬೇರೆಲ್ಲೂ ಅದು ಇರುವುದು ಗೊತ್ತಿಲ್ಲ. ಚಿನ್ನದ ಗಣಿ ಮುಚ್ಚಿತು ಅಂತ ಇವತ್ತಿಗೂ ಕಣ್ಣೀರು ಹಾಕುವ ಊರು, ಈ ಬಾವಲಿಯ ಸುದ್ದಿ ಹೇಳಿದರೆ "ಇದ್ಯಾ?" ಅನ್ನುತ್ತದೆ.

ಹಾಗಂತ ಬಾವಲಿಯನ್ನು ಮುದ್ದಾಡಿ ಅನ್ನುತ್ತಿಲ್ಲ. ನೆಲಕ್ಕೆ ಬಿದ್ದದ್ದನ್ನು ಬರಿಗೈಯಲ್ಲಿ ಮುಟ್ಟಬಾರದು. ಮನೆಯೊಳಗೆ ಬಂದರೆ ಪೊರಕೆ ಎತ್ತಬೇಡಿ. ದೀಪ ಆರಿಸಿ, ಕಿಟಕಿ ತೆಗೆದು, ಒಳಗಿನ ಬಾಗಿಲು ಹಾಕಿಕೊಂಡರೆ ತಾನೇ ಹೋಗುತ್ತದೆ. ಅದರ ಹಲ್ಲು ಸಣ್ಣದು, ಕಚ್ಚಿದ ಗುರುತೂ ಕಾಣದಿರಬಹುದು. ಕಚ್ಚಿದ, ಪರಚಿದ ಅನುಮಾನ ಬಂದರೂ ಆಸ್ಪತ್ರೆಗೆ ಹೋಗಬೇಕು. ಬೆಕ್ಕು ಬಾವಲಿ ಹಿಡಿದು ತಂದರೆ ಪಶುವೈದ್ಯರಿಗೆ ತಿಳಿಸಬೇಕು. ಅಧ್ಯಕ್ಷರ ಮನೆಯಲ್ಲಿ ಮೂರು ಬೆಕ್ಕಿವೆ. ಒಂದಕ್ಕೂ ಲಸಿಕೆ ಇಲ್ಲ. ಸಭೆಯ ನಡಾವಳಿಯಲ್ಲಿ ಬೆಕ್ಕಿನ ಪ್ರಸ್ತಾಪವೂ ಇಲ್ಲ.

ಮರ ಕಡಿಯಲು ಅನುಮತಿ ಸಿಗಲಿಲ್ಲ. ಪಟಾಕಿ ತೀರ್ಮಾನವಾಯಿತು. ಮೊದಲ ಸರಕ್ಕೆ ಬಾವಲಿಗಳು ಒಂದು ಸುತ್ತು ಹಾರಿ ವಾಪಸ್ ಬಂದು ನೇತುಕೊಂಡವು. ಕರಿಯ ಮಾತ್ರ ಬೆದರಿ ಕಂಗಾಲಾಗಿ, ಬತ್ತಿ ಹಚ್ಚುತ್ತಿದ್ದ ಕಾರ್ಯದರ್ಶಿಯವರ ಮೀನಖಂಡಕ್ಕೆ ಬಾಯಿ ಹಾಕಿದ.

ಆಮೇಲೆ ನೋಡಬೇಕಿತ್ತು ವೈದ್ಯರ ಸಾಲು! ಒಬ್ಬರು ಖಾರದ ಪುಡಿ ತಂದರು, ಒಬ್ಬರು ಸುಣ್ಣ, ಇನ್ನೊಬ್ಬರು ಅಂತ್ರ ಕಟ್ಟುವವರ ಫೋನ್ ನಂಬರ್. ಹೊಟ್ಟೆಗೆ ಹದಿನಾಲ್ಕು ಸೂಜಿ ಅಂತ ಯಾರೋ ಹೆದರಿಸಿದರು. ಆ ಕಾಲ ಹೋಗಿ ಎಷ್ಟೋ ವರ್ಷವಾಯಿತು, ಈಗ ತೋಳಿಗೆ. ನಾನು ಅವರನ್ನು ಎಳೆದುಕೊಂಡು ಹೋಗಿ ನಲ್ಲಿ ಕೆಳಗೆ ಕಾಲಿಡಿಸಿ, ಸೋಪು ಹಚ್ಚಿ 15 ನಿಮಿಷ ತೊಳೆಸಿದೆ. "ಇಷ್ಟು ನೀರು ಸುಮ್ನೆ ಪೋಲು, ಟ್ಯಾಂಕರ್ ದುಡ್ಡು" ಎಂದು ಖಜಾಂಚಿ ಗೊಣಗಿದರು. ಪಾಪ, ಅವರಿಗೆ ಸಿಕ್ಕಿದ ಮೊದಲ ಲೆಕ್ಕ ಅದು. ಅಲ್ಲಿಂದ ಸ್ಕೂಟರಿನಲ್ಲಿ ಆಸ್ಪತ್ರೆಗೆ. ಮೊದಲ ಲಸಿಕೆ ಹಾಕಿದ ಆ ದಿನವನ್ನು ಸೊನ್ನೆ ಎಂದು ಎಣಿಸಿ, ಆಮೇಲೆ ಮೂರನೇ ದಿನ, ಏಳನೇ ದಿನ, 28ನೇ ದಿನ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಗಾಯ ಆಳ ಇದ್ದದ್ದರಿಂದ ಅದರ ಸುತ್ತಲೂ ಇಮ್ಯುನೋಗ್ಲೋಬುಲಿನ್, ಅಂದರೆ ರೋಗಾಣುವನ್ನು ತಕ್ಷಣ ತಡೆಯುವ ಸಿದ್ಧ ಪ್ರತಿಕಾಯಗಳ ಸೂಜಿ, ಕೊಟ್ಟರು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು, ಒಂದು ಸೂಜಿಯನ್ನೂ ತಪ್ಪಿಸಬೇಡಿ ಎಂದು ನರ್ಸಮ್ಮ ಎರಡು ಸಲ ಹೇಳಿದರು.

ಮಾರನೇ ದಿನ ನಡಾವಳಿ ಪುಸ್ತಕ ನೋಡಿದೆ. "ಬಾವಲಿ ಹಾವಳಿಯಿಂದಾಗಿ ಕಾರ್ಯದರ್ಶಿಗಳಿಗೆ ನಾಯಿ ಕಚ್ಚಿರುತ್ತದೆ" ಎಂದು ದಾಖಲಾಗಿದೆ. ಎಲ್ಲರೂ ಸಹಿ ಹಾಕಿದ್ದಾರೆ.

ಮೂರನೇ ದಿನ ಬೆಳಿಗ್ಗೆ ಸ್ಕೂಟರ್ ತೆಗೆದುಕೊಂಡು ಹೋಗಿ ಹಾರನ್ ಹೊಡೆದೆ. ಕಾರ್ಯದರ್ಶಿಯವರು ಕುಂಟುತ್ತಾ ಬಾಗಿಲಿಗೆ ಬಂದರು.

"ಇವತ್ತು ಆಗಲ್ಲ ಸಾರ್, ಹತ್ತೂವರೆಗೆ ಬಾವಲಿ ಮೀಟಿಂಗು."