ಶಾಲು ಪೂರ್ತಿ, ಉಪನ್ಯಾಸ ಅರ್ಧ

ಕಳೆದ ತಿಂಗಳು ನನ್ನ ಹಳೆಯ ಮೇಷ್ಟ್ರ ಉಪನ್ಯಾಸವೊಂದು ಯೂಟ್ಯೂಬಿನಲ್ಲಿ ಕಣ್ಣಿಗೆ ಬಿತ್ತು. ವಿಷಯ, ಶಾಸನಗಳಲ್ಲಿ ಕೆರೆ. ಅವರು ಆಯುಷ್ಯವನ್ನೇ ಸವೆಸಿದ ಸಂಶೋಧನೆ. ಲಂಡನ್ನಿನ ನನ್ನ ಕೋಣೆಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕುಳಿತೆ. ಪ್ರಾರ್ಥನೆ ಆಯಿತು. ಸ್ವಾಗತ, ದೀಪ, ಪ್ರಾಸ್ತಾವಿಕ ನುಡಿ. ಕುಲಪತಿಗಳು ಇನ್ನೊಂದು ಸಭೆಗೆ ಹೊರಡಬೇಕಿದ್ದರಿಂದ ಅಧ್ಯಕ್ಷೀಯ ಭಾಷಣವೂ ಮೊದಲೇ. ಮೇಷ್ಟ್ರು ಮೈಕಿನ ಮುಂದೆ ನಿಂತದ್ದು ಐವತ್ತೆರಡನೆಯ ನಿಮಿಷಕ್ಕೆ. ಕೆರೆಯನ್ನು ನೋಡಿಕೊಳ್ಳಲು ಭೂಮಿ ಬಿಡುತ್ತಿದ್ದ ಏರ್ಪಾಡನ್ನು ‘ಬಿತ್ತುವಟ್ಟ’ ಎಂಬ ಒಂದೇ ಪದದಿಂದ ಬಿಡಿಸತೊಡಗಿದ್ದರು. ಅಲ್ಲಿಂದ ಹನ್ನೊಂದು ನಿಮಿಷಕ್ಕೆ ವಿಡಿಯೊ ಮುಗಿಯಿತು. ಶಾಲು ಹೊದಿಸಿದ್ದು ಮಾತ್ರ ಎರಡು ಕೋನಗಳಿಂದ ಪೂರ್ತಿ ದಾಖಲಾಗಿತ್ತು.

ಇಲ್ಲಿ ಗ್ರೆಶಮ್ ಕಾಲೇಜು ಎಂದೊಂದಿದೆ. 1597ರಿಂದ ನಡೆದುಬಂದಿರುವ ಅದಕ್ಕೆ ವಿದ್ಯಾರ್ಥಿಗಳಿಲ್ಲ, ಪದವಿಯಿಲ್ಲ, ಶುಲ್ಕವಿಲ್ಲ. ಪ್ರಾಧ್ಯಾಪಕರು ಊರಿನವರಿಗೆ ಉಪನ್ಯಾಸ ಕೊಡುತ್ತಾರೆ, ಅಷ್ಟೇ. ವಿದ್ವಾಂಸರಿಗೆ ಲ್ಯಾಟಿನ್, ಉಳಿದವರಿಗೆ ಇಂಗ್ಲಿಷ್ ಎಂದು ಮೊದಮೊದಲು ಎರಡೂ ಭಾಷೆಗಳಲ್ಲಿ ಕೊಡುತ್ತಿದ್ದರಂತೆ. ಈಗ ಅವೆಲ್ಲ ವಿಡಿಯೊ ಆಗಿ ಸಿಗುತ್ತವೆ, ಜೊತೆಗೆ ಬರಹರೂಪವೂ ಇರುತ್ತದೆ. ನಾನೊಮ್ಮೆ ಹೋಗಿ ಕುಳಿತಿದ್ದೆ. ಪಕ್ಕದಲ್ಲಿ ನಿವೃತ್ತ ಬಸ್ ಚಾಲಕರೊಬ್ಬರು ಗ್ರಹಣದ ಲೆಕ್ಕ ಬರೆದುಕೊಳ್ಳುತ್ತಿದ್ದರು. ಪರಿಚಯ ಎರಡೇ ವಾಕ್ಯ, ಮೂರನೆಯ ವಾಕ್ಯಕ್ಕೆ ವಿಷಯ. ಮರುವಾರ ಅದೇ ಉಪನ್ಯಾಸವನ್ನು ಮನೆಯಲ್ಲಿ ಮತ್ತೆ ನೋಡಿದಾಗ ಒಂದು ಸಂಗತಿ ಗಮನಕ್ಕೆ ಬಂತು. ಕ್ಯಾಮೆರಾ ಒಮ್ಮೆಯೂ ಮುಂದಿನ ಸಾಲಿನ ಕಡೆ ತಿರುಗಲಿಲ್ಲ. ಮುಂದಿನ ಸಾಲಿನಲ್ಲಿ ಯಾರಿದ್ದರೋ ಇಂದಿಗೂ ನನಗೆ ಗೊತ್ತಿಲ್ಲ.

ನಮ್ಮಲ್ಲಿ ಕ್ಯಾಮೆರಾ ಇರುವುದೇ ವೇದಿಕೆಯ ಮೇಲಿದ್ದವರಿಗಾಗಿ. ಕಾರ್ಯಕ್ರಮ ನಡೆಯಿತು ಎಂಬುದಕ್ಕೆ ಅದು ಸಾಕ್ಷಿ, ವರದಿಗೆ ಲಗತ್ತಿಸುವ ರಸೀದಿಯಂತೆ. ದೂರದಲ್ಲಿ ಒಬ್ಬ ಕೇಳುಗ ಇದ್ದಾನು ಎಂಬ ಗುಮಾನಿಯೇ ಅದನ್ನು ಹಿಡಿದವರಿಗಿಲ್ಲ.

ಸಿಟ್ಟು ಹೆಚ್ಚಾಗುವುದು ಇದಕ್ಕೆ: ಈ ಪಾಠವನ್ನು ನಮಗೆ ಹೊರಗಿನವರು ಹೇಳಿಕೊಡಬೇಕಾಗಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಕಳೆದ ಶತಮಾನದಲ್ಲೇ ಹಳ್ಳಿಗಳಿಗೆ ಹೋಗಿ ಪ್ರಚಾರೋಪನ್ಯಾಸ ಕೊಟ್ಟವರು. ಆ ಮಾತುಗಳು ಪುಟ್ಟ ಪುಸ್ತಕಗಳಾಗಿಯೂ ಬಂದವು. ನಮ್ಮಪ್ಪನ ಟ್ರಂಕಿನಲ್ಲಿ ಅಂಥ ಆರೇಳು ಪುಸ್ತಕಗಳಿದ್ದವು. ವಂದನಾರ್ಪಣೆಯನ್ನು ಅವುಗಳಲ್ಲಿ ಯಾರೂ ಅಚ್ಚು ಹಾಕಿಸಿರಲಿಲ್ಲ.

ಇದನ್ನೆಲ್ಲ ಹೇಳಿದಾಗ ಗೆಳೆಯನೊಬ್ಬ ಎನ್‌ಪಿಟಿಇಎಲ್ ಎಂಬ ವಿಡಿಯೊ ಪಾಠಗಳ ಯೋಜನೆಯನ್ನು ನೆನಪಿಸಿದ. ಒಪ್ಪಲೇಬೇಕು. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ 2003ರಲ್ಲಿ ಶುರುಮಾಡಿದ ಅದರಲ್ಲಿ ಹಾರವಿಲ್ಲ, ತುರಾಯಿಯಿಲ್ಲ, ಪಾಠವಷ್ಟೇ ಇದೆ. ನನ್ನ ಕಚೇರಿಯ ನೈಜೀರಿಯಾದ ಹುಡುಗ ಎಂಜಿನಿಯರಿಂಗ್ ದಾಟಿದ್ದು ಅದನ್ನು ನೋಡಿಯೇ. ಆದರೆ ಅದು ಬಹುಪಾಲು ಇಂಗ್ಲಿಷಿನ ಪಠ್ಯ. ನಮ್ಮ ಕೆರೆಯ ಶಾಸನ ಅಲ್ಲಿ ಸಿಗುವುದಿಲ್ಲ.

ಪಶ್ಚಿಮದವರೆಲ್ಲ ಬಾಗಿಲು ತೆರೆದೇ ಇಟ್ಟಿದ್ದಾರೆ ಎಂದೂ ಅಲ್ಲ ಬಿಡಿ. ತನ್ನ ವಿಡಿಯೊಗಳಲ್ಲಿ ಮಾತನ್ನು ಅಕ್ಷರದಲ್ಲಿ ತೋರಿಸುವ ಅಡಿಬರಹ ಸರಿಯಾಗಿಲ್ಲ ಎಂದು ಕಿವುಡರು ದೂರಿದ ಮೇಲೆ, ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ ಅವುಗಳನ್ನು ತಿದ್ದುವ ಬದಲು 2017ರಲ್ಲಿ 20,000ಕ್ಕೂ ಹೆಚ್ಚು ಉಪನ್ಯಾಸಗಳನ್ನು ಸಾರ್ವಜನಿಕರಿಂದ ಮರೆಮಾಡಿತು. ಇನ್ನೊಂದು ಮಾತು. ಗ್ರೆಶಮ್‌ನ ಆ ಗ್ರಹಣದ ಉಪನ್ಯಾಸ ಮುಗಿದಾಗ ಸಭೆ ಚಪ್ಪಾಳೆ ತಟ್ಟಿ ತನ್ನಷ್ಟಕ್ಕೆ ಚದುರಿತು. ಧ್ವನಿವರ್ಧಕದವನ ಹೆಸರನ್ನು ಯಾರೂ ಹೇಳಲಿಲ್ಲ. ಒಂದು ಕ್ಷಣ ಏನೋ ಬಾಕಿ ಉಳಿದಂತೆ ನಾನೊಬ್ಬನೇ ಕುಳಿತೇ ಇದ್ದೆ.

ಕೊನೆಗೆ ಮೇಷ್ಟ್ರಿಗೇ ಫೋನ್ ಮಾಡಿದೆ. “ಅಲ್ಲಿಗೇ ನಿಂತಿತೇನಪ್ಪಾ?” ಎಂದು ನಕ್ಕರು. ಬಿತ್ತುವಟ್ಟದಿಂದಲೇ ಮತ್ತೆ ಶುರುಮಾಡಿ ಮುಕ್ಕಾಲು ಗಂಟೆ ಹೇಳಿದರು. ಎಂಥ ಮಾತು! ಅದನ್ನು ರೆಕಾರ್ಡ್ ಮಾಡಿಕೊಳ್ಳಬೇಕೆಂದು ನನಗೂ ಹೊಳೆಯಲಿಲ್ಲ.