ಪರ–ವಿರೋಧ: ಲಾಲ್‌ಬಾಗ್ ನೋಡಲು ಫಲಪುಷ್ಪ ಪ್ರದರ್ಶನದ ದಿನಗಳೇ ಸರಿಯೇ?

ಪರ: ಹೂವಿನ ದಿನಗಳಲ್ಲೇ ಬನ್ನಿ

ವರ್ಷಕ್ಕೆ ಒಮ್ಮೆ ಮಾತ್ರ ಲಾಲ್‌ಬಾಗ್‌ಗೆ ಬರುವವರು ಗಣರಾಜ್ಯೋತ್ಸವದ ಆಸುಪಾಸಿನ ಪ್ರದರ್ಶನಕ್ಕೆ ಬರಬೇಕು. ಸ್ವಾತಂತ್ರ್ಯೋತ್ಸವದ್ದೂ ಆದೀತು. ಆದರೆ ಆಗಸ್ಟ್ ಮಳೆಗೆ ಪೆಟೂನಿಯಾದ ಎಸಳು ನೀರು ಕುಡಿದು ಕೊಳೆಯುತ್ತದೆ. ಸೇವಂತಿಗೆಗೂ ಅದು ಸಹಜ ಕಾಲವಲ್ಲ, ಇರುಳು ಉದ್ದವಾದಾಗಲೇ ಅದು ಮೊಗ್ಗು ಕಟ್ಟುವುದು. ಜನವರಿಯ ಚಳಿ, ಎಳೆಬಿಸಿಲು ಹೂವಿಗೆ ಚೆನ್ನಾಗಿ ಒಗ್ಗುತ್ತವೆ.

ಹೈದರಾಲಿ 1760ರಲ್ಲಿ ಆರಂಭಿಸಿದಾಗ ಇದು ಅರಮನೆಯವರ ತೋಟ. ಟಿಪ್ಪು ದೂರದ ನಾಡುಗಳಿಂದ ಗಿಡ ತರಿಸಿ ಬೆಳೆಸಿದ. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಮೇಲೆ ಹೊರಗಿನ ಗಿಡ ತರಿಸುವುದು, ಇಲ್ಲಿನ ಮಣ್ಣಿಗೆ ಒಗ್ಗಿಸುವುದು, ಬೆಳೆಗಾರರಿಗೆ ಹಂಚುವುದು ಇದರ ಕಸುಬಾಯಿತು. ನಮ್ಮ ಅಡುಗೆಮನೆಯ ಸೀಮೆಬದನೆಕಾಯಿಯನ್ನು ಊರಿಗೆ ಪರಿಚಯಿಸಿದ ಹೆಸರು ತೋಟದ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್ ಅವರದು. ಪ್ರದರ್ಶನ ನಡೆಯುವ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಅಡಿಗಲ್ಲು ಬಿದ್ದದ್ದೂ ಅವರ ಕಾಲದಲ್ಲೇ. ಗಿಡ ತೋರಿಸಿ ಗಿಡ ಹಂಚುವ ಆ ಕೆಲಸ ಇಂದಿಗೂ ಕಣ್ಣಿಗೆ ಕಾಣುವುದು ಪ್ರದರ್ಶನದ ದಿನಗಳಲ್ಲೇ.

ಹೂವಿನ ಆಕೃತಿಗಳನ್ನು ಹತ್ತಿರದಿಂದ ನೋಡಬೇಕು. ಕಬ್ಬಿಣದ ಚೌಕಟ್ಟಿಗೆ ಹಸಿರು ಸ್ಪಂಜಿನ ಇಟ್ಟಿಗೆ ಕಟ್ಟಿ, ಓರೆಯಾಗಿ ಕತ್ತರಿಸಿದ ತೊಟ್ಟುಗಳನ್ನು ಒಂದೊಂದಾಗಿ ಚುಚ್ಚುತ್ತಾರೆ. ಸ್ಪಂಜನ್ನು ನೀರಿನ ಮೇಲೆ ಬಿಟ್ಟು ತಾನಾಗಿ ಮುಳುಗಲು ಬಿಡಬೇಕು. ಕೈಯಿಂದ ಅದುಮಿದರೆ ಒಳಗೆ ಗಾಳಿ ಉಳಿದು, ಆ ಜಾಗದ ಹೂ ಮರುದಿನವೇ ಬಾಡುತ್ತದೆ. ಎಷ್ಟೇ ಜೋಪಾನ ಮಾಡಿದರೂ ನಡುವೆ ಹಳೆಯ ಹೂ ತೆಗೆದು ಹೊಸದು ಚುಚ್ಚಬೇಕಾಗುತ್ತದೆ. ಆದ್ದರಿಂದ ಮೊದಲ ಮೂರು ದಿನಗಳಲ್ಲಿ, ಇಲ್ಲವೇ ಹೂ ಬದಲಿಸಿದ ಮಾರನೆಯ ಬೆಳಗ್ಗೆ ಹೋಗಿ.

ಕಸಿ ಮಾವಿನ ಗಿಡ ಕೊಳ್ಳುವುದಾದರೆ ಕಸಿ ಕೂಡಿದ ಗಂಟನ್ನು ಮುಟ್ಟಿ ನೋಡಿ, ಅಲುಗಬಾರದು. ಗಂಟಿನ ಕೆಳಗೆ ಚಿಗುರಿದ್ದರೆ ಅದು ಬೇರುಗಿಡದ್ದು. ಹಾಗೇ ಬಿಟ್ಟರೆ ಮೇಲಿನ ಕಸಿಯನ್ನು ಸೊರಗಿಸುತ್ತದೆ, ಚಿವುಟಿ ಹಾಕಿ. ಕಟ್ಟಿದ ಪ್ಲಾಸ್ಟಿಕ್ ಪಟ್ಟಿಯನ್ನು ಗಂಟು ಬಲಿತ ಮೇಲೆ ಬಿಚ್ಚದಿದ್ದರೆ ಕಾಂಡ ದಪ್ಪವಾದಂತೆಲ್ಲ ಅದು ಕೊರಳು ಹಿಸುಕುತ್ತದೆ. ಗಿಡವನ್ನು ಮೊದಲೇ ಕೊಂಡು ಬಿಸಿಲಲ್ಲಿ ಹೊತ್ತು ತಿರುಗಬೇಡಿ, ಹೊರಡುವಾಗ ಕೊಳ್ಳಿ.

ಜನ ಹೆಚ್ಚು ಎಂಬುದು ನಿಜ. ವಾರದ ನಡುವಿನ ದಿನ, ಬೆಳಗ್ಗೆ ಬೇಗ, ಮೆಟ್ರೋ ಹಸಿರು ಮಾರ್ಗದಲ್ಲಿ ಬಂದು ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದರೆ ಅರ್ಧ ಕಷ್ಟ ತಪ್ಪುತ್ತದೆ.

ವಿರೋಧ: ಮರ ನೋಡಬೇಕಾದರೆ ಬೇರೆ ದಿನ ಬನ್ನಿ

ಲಾಲ್‌ಬಾಗ್ 240 ಎಕರೆ. ಗಾಜಿನ ಮನೆ ಅದರಲ್ಲಿ ಒಂದು ಮೂಲೆಯಷ್ಟೂ ಅಲ್ಲ. ಪ್ರದರ್ಶನವೇ ಲಾಲ್‌ಬಾಗ್ ಎನ್ನುವವರಿಗೆ ಅದೊಂದು ಹೂವಿನ ಮಂಟಪ, ಪಕ್ಕದಲ್ಲಿ ಸಸಿ ಅಂಗಡಿ, ಅಷ್ಟೇ. ಉಳಿದ ತೋಟ ಅಂದು ಅವರ ಕಣ್ಣಿಗೆ ಬೀಳುವುದಿಲ್ಲ, ಬೀಳುವುದಕ್ಕೂ ಸಾಧ್ಯವಿಲ್ಲ. ತಡೆಗೋಲು ಹಾಕಿ ದಾರಿ ತಿರುಗಿಸಿರುತ್ತಾರೆ, ಹಿಂದಿನವರು ನೂಕುತ್ತಿರುತ್ತಾರೆ, ತಲೆಯೆತ್ತಿ ಮರ ನೋಡುವಷ್ಟು ಹೊತ್ತು ನಿಲ್ಲಲು ಜಾಗವಿರುವುದಿಲ್ಲ. ಮಂಟಪದ ಸೇವಂತಿಗೆಯನ್ನು ಎಲ್ಲಿ ಬೇಕಾದರೂ ಚುಚ್ಚಿ ತೋರಿಸಬಹುದು. ಮರವನ್ನು ಕಿತ್ತು ಬೇರೆಡೆ ತೋರಿಸಲಾಗದು.

ಬಿಳಿ ಬೂರುಗದ ಬುಡಕ್ಕೆ ಹೋಗಿ ನಿಲ್ಲಿ. ಕಾಂಡದಿಂದ ಹೊರಟ ಹಲಗೆಬೇರುಗಳು ಗೋಡೆಗಳಂತೆ ಎದ್ದು ನಾಲ್ಕೂ ಕಡೆ ಹರಡಿವೆ. ಎರಡು ಹಲಗೆಗಳ ನಡುವೆ ಒಂದು ಕೋಣೆಯಷ್ಟು ನೆರಳು. ಅಷ್ಟು ಭಾರದ ಮರವನ್ನು ಗಾಳಿಗೆ ಉರುಳದಂತೆ ಹಿಡಿದಿರುವುದು ಆ ಹಲಗೆಗಳೇ.

ಬೂರುಗವಾಗಲಿ ಮತ್ತೊಂದಾಗಲಿ, ಮರ ಉಣ್ಣುವುದು ಮೇಲ್ಮಣ್ಣಿನ ಒಂದೆರಡು ಅಡಿಯಲ್ಲಿ ಹರಡಿದ ಸಣ್ಣ ಬೇರುಗಳಿಂದ. ಆ ಬೇರು ಕೊಂಬೆಗಳ ಹರವನ್ನೂ ದಾಟಿ ಹೋಗಿರುತ್ತದೆ. ದಾರಿಯಲ್ಲಿ ಜಾಗ ಸಾಲದೆ ಲಕ್ಷಗಟ್ಟಲೆ ಜನ ಹುಲ್ಲಿನ ಮೇಲೆ ಇಳಿದಾಗ ಮಣ್ಣು ಗಟ್ಟಿಯಾಗುತ್ತದೆ, ಗಾಳಿಯಾಡುವ ಸಂದು ಮುಚ್ಚುತ್ತದೆ, ಮಳೆನೀರು ಇಂಗದೆ ಮೇಲೇ ಹರಿದುಹೋಗುತ್ತದೆ. ಮಳೆಗಾಲದ ಒದ್ದೆ ಮಣ್ಣು ಇನ್ನೂ ಬೇಗ ಗಟ್ಟಿಯಾಗುವುದರಿಂದ ಆಗಸ್ಟ್‌ನ ತುಳಿತವೇ ಹೆಚ್ಚು ಕೆಟ್ಟದ್ದು. ಮರ ಆ ವರ್ಷ ಏನೂ ಹೇಳುವುದಿಲ್ಲ. ವರ್ಷಗಳು ಕಳೆದ ಮೇಲೆ ನೆತ್ತಿಯ ಕೊಂಬೆಗಳು ಒಣಗತೊಡಗುತ್ತವೆ, ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ. ನೂರು ವರ್ಷದ ಮರಕ್ಕೆ ಹೀಗಾಗಬಾರದು.

ಹಾಗಾದರೆ ಯಾವಾಗ ಬರಬೇಕು? ಮಾಮೂಲು ದಿನ, ಬೆಳಗ್ಗೆ 6ಕ್ಕೆ ಗೇಟು ತೆರೆದ ಕೂಡಲೆ. ಮೊದಲು ಹೆಬ್ಬಂಡೆ ಹತ್ತಿ. ಅದರ ಮೇಲಿರುವುದು ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳಲ್ಲಿ ಒಂದು. ಆದರೆ ಗೋಪುರದ ಕಡೆ ಓಡುವ ಮೊದಲು ಕಾಲಡಿ ನೋಡಿ. ಕಲ್ಲಿನಲ್ಲಿ ಕಪ್ಪು, ಬಿಳಿ ಪಟ್ಟೆಗಳು ಸೊಟ್ಟಸೊಟ್ಟಗೆ ಹರಿದಿವೆ. ಕಪ್ಪು ಪಟ್ಟೆಯಲ್ಲಿ ಹೆಚ್ಚಿರುವುದು ಕಾಗೆಬಂಗಾರದ ಜಾತಿಯ ಬಯೊಟೈಟ್, ಬಿಳಿಯದರಲ್ಲಿ ಬೆಣಚು ಮತ್ತು ಫೆಲ್ಡ್‌ಸ್ಪಾರ್. ಭೂಮಿಯ ಆಳದಲ್ಲಿ ಕಾವಿಗೂ ಒತ್ತಡಕ್ಕೂ ಸಿಕ್ಕಿ, ಮೆತ್ತಗಾಗಿ, ಮಡಚಿಕೊಂಡ ಕಲ್ಲು ಇದು. ವಯಸ್ಸು ಸುಮಾರು 300 ಕೋಟಿ ವರ್ಷ. ಬೆಳಗಿನ ಓರೆಬಿಸಿಲಿನಲ್ಲಿ ಪಟ್ಟೆಗಳು ಎದ್ದು ಕಾಣುತ್ತವೆ, ನಡುಹಗಲಿಗೆ ಎಲ್ಲ ಒಂದೇ ಬೂದಿಬಣ್ಣ. ಮಳೆ ಬಿದ್ದ ಮರುದಿನ ಪಾಚಿ ಜಾರುತ್ತದೆ, ಹತ್ತಬೇಡಿ.

ಹೂವೇ ಬೇಕೆನ್ನುವವರಿಗೂ ಮಂಟಪ ಬೇಕಿಲ್ಲ. 1908ರಲ್ಲಿ ತೋಟದ ಹೊಣೆ ಹೊತ್ತ ಕೃಂಬಿಗಲ್ ಅವರು ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಈ ಊರಿನಲ್ಲಿ ಸಾಲುಮರ ನೆಡಿಸಿದರು. ಫೆಬ್ರವರಿ–ಮಾರ್ಚ್‌ನಲ್ಲಿ ಟಬೂಬಿಯಾ ಎಲೆ ಕಳಚಿ ಮೈತುಂಬ ಹಳದಿ ಹೊದೆಯುತ್ತದೆ, ಏಪ್ರಿಲ್–ಮೇನಲ್ಲಿ ಗುಲ್‌ಮೊಹರ್ ಕೆಂಪಾಗುತ್ತದೆ. ನಾಗಲಿಂಗ ಮಾತ್ರ ಕೊಂಬೆಯ ತುದಿಯಲ್ಲಿ ಹೂ ಬಿಡುವುದಿಲ್ಲ, ಕಾಂಡದಿಂದಲೇ ಇಳಿಬಿದ್ದ ಗೊಂಚಲುಗಳಲ್ಲಿ ಬಿಡುತ್ತದೆ. ಒಂದು ಹೂವನ್ನು ಕೀಳದೆ ಬಗ್ಗಿ ನೋಡಿ: ಕೇಸರಗಳು ಹೆಡೆಯಂತೆ ಬಾಗಿ, ನಡುವಿನ ಲಿಂಗದಾಕಾರದ ತಟ್ಟೆಗೆ ನೆರಳು ಹಿಡಿದಿರುತ್ತವೆ. ಹೂ ಒಂದೇ ದಿನ ಬಾಳುತ್ತದೆ, ಬೆಳಗ್ಗೆಯೇ ಅದರ ಪರಿಮಳ ಜೋರು. ಕಾಯಿ ಫಿರಂಗಿ ಗುಂಡಿನಷ್ಟು ಗಟ್ಟಿ, ಯಾವಾಗ ಬೇಕಾದರೂ ಕಳಚಿ ಬೀಳಬಹುದು. ಮಕ್ಕಳನ್ನು ಅದರ ನೇರ ಕೆಳಗೆ ನಿಲ್ಲಿಸಬೇಡಿ.