ವ್ಯಾಪಿಂಗ್ ಮೆಟ್ಟಿಲು, ಪಟ್ಟಣದ ಮೆಟ್ಟಿಲು

ಲಂಡನ್ನಿಗೆ ಬರುವ ನೆಂಟರನ್ನು ನಾನು ತಪ್ಪದೆ ಕರೆದೊಯ್ಯುವ ಜಾಗ ವ್ಯಾಪಿಂಗ್. ಟವರ್ ಬ್ರಿಡ್ಜಿನಿಂದ ಥೇಮ್ಸ್ ದಂಡೆ ಹಿಡಿದು ಪೂರ್ವಕ್ಕೆ ಸ್ವಲ್ಪ ನಡೆದರೆ ಸಾಕು. ಟಿಕೆಟ್ಟಿಲ್ಲ, ಕ್ಯೂ ಇಲ್ಲ. ಅಮ್ಮ ಬಂದಿದ್ದಾಗಲೂ ಅಲ್ಲಿಗೇ ಹೋದೆವು.

ಬೀದಿಗೆ ಹೈ ಸ್ಟ್ರೀಟ್ ಅಂತ ಹೆಸರು, ಅಂಗಡಿ ಮಾತ್ರ ಹುಡುಕಬೇಕು. ಇರುವುದೆಲ್ಲ ಇಟ್ಟಿಗೆಯ ಹಳೇ ಗೋದಾಮುಗಳು. 1805ರಲ್ಲಿ ಪಕ್ಕದಲ್ಲೇ ಲಂಡನ್ ಡಾಕ್ಸ್ ಶುರುವಾಯಿತು. ತಂಬಾಕು, ವೈನು, ಅಕ್ಕಿ ಬಂದು ಇಳಿಯುತ್ತಿತ್ತು. 1969ರಲ್ಲಿ ಅದಕ್ಕೆ ಬೀಗ ಬಿತ್ತು. ಈಗ ಆ ಗೋದಾಮುಗಳಲ್ಲಿ ಫ್ಲಾಟುಗಳು. ಬೆಲೆ ಕೇಳಿ ಅಮ್ಮ ಎರಡು ಸಲ ಲೆಕ್ಕ ಹಾಕಿದರು.

ಗೈಡ್‌ಗಳು ಇಲ್ಲಿ ಕಡಲ್ಗಳ್ಳರನ್ನು ನೇಣು ಹಾಕಿದ ಕತೆ ಹೇಳುತ್ತಾರೆ. 1701ರಲ್ಲಿ ಕ್ಯಾಪ್ಟನ್ ಕಿಡ್‌ನನ್ನು ಗಲ್ಲಿಗೇರಿಸಿದ್ದು ಇಲ್ಲೇ. ನನಗೆ ಅದಕ್ಕಿಂತ ಅಂಬಿಗರ ಕತೆ ಇಷ್ಟ. 1750ರವರೆಗೆ ನಗರದ ನಡುವೆ ನದಿಗೆ ಇದ್ದದ್ದು ಒಂದೇ ಸೇತುವೆ. ಆಚೆ ಹೋಗಬೇಕಾದವರು ಮೆಟ್ಟಿಲಿಳಿದು ದೋಣಿಯವನನ್ನು ಕೂಗಬೇಕಿತ್ತು. ದೋಣಿಯವರು ಜಾಸ್ತಿ ಕೇಳಬಾರದೆಂದು 1514ರಲ್ಲೇ ಕಾಯಿದೆ ಮಾಡಿ ದರ ಗೊತ್ತು ಮಾಡಿದರು. ನಮ್ಮ ಆಟೋ ಮೀಟರಿನ ಜಗಳ ಹೊಸದೇನಲ್ಲ, ಅಲ್ವಾ?

ಆ ಮೆಟ್ಟಿಲುಗಳು ಇನ್ನೂ ಇವೆ. ಒಂದು ಪಬ್ಬಿನ ಪಕ್ಕದ ಸಂದಿಯಲ್ಲಿ ನುಗ್ಗಿದರೆ ವ್ಯಾಪಿಂಗ್ ಓಲ್ಡ್ ಸ್ಟೇರ್ಸ್. ತುಳಿದು ತುಳಿದು ಕಲ್ಲು ನಡುವೆ ತಗ್ಗಾಗಿದೆ. ಇಲ್ಲಿ ದಿನಕ್ಕೆರಡು ಸಲ ನೀರು ಏರಿ ಇಳಿಯುತ್ತದೆ, ಕೆಲವು ದಿನ ಏಳು ಮೀಟರಿನವರೆಗೆ. ಅಮ್ಮ ಮೇಲೆ ನಿಂತು ನೋಡಿ, "ನದಿ ಇದೆ, ಮೆಟ್ಟಿಲಿದೆ, ಒಬ್ಬರೂ ಇಳಿಯಲ್ಲ ಯಾಕೆ?" ಅಂದರು.

ಅವರ ತವರು ಶ್ರೀರಂಗಪಟ್ಟಣ. ಅಲ್ಲಿ ಸ್ನಾನಘಟ್ಟ ಖಾಲಿ ಬೀಳುವುದಿಲ್ಲ. ಬಟ್ಟೆ ಒಗೆಯುವವರು, ಪಿಂಡ ಬಿಡುವವರು, ಸುಮ್ನೆ ಕಾಲು ಇಳಿಬಿಟ್ಟು ಕೂತವರು. ಪಕ್ಕದಲ್ಲೇ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆ, ಕಲ್ಲಿನ ಕಂಬಗಳ ಮೇಲೆ. ಹೊರಗಿನಿಂದ ಬಂದವರಲ್ಲಿ ಅದರ ಮೇಲೆ ನಡೆಯುವವರು ಕಡಿಮೆ. ಕಾರಿನಲ್ಲಿ ಬಂದು ದೇವಸ್ಥಾನ, ದರಿಯಾ ದೌಲತ್, ಗುಂಬಜ್, ಸಂಗಮ ಮುಗಿಸಿ ಊಟಕ್ಕೆ ಮೈಸೂರಿಗೆ. ನಾನೂ ಹಾಗೇ ಮಾಡಿದವನು. ಅಮ್ಮನ ಊರಿನ ಕೇರಿಗಳಿಗಿಂತ ವ್ಯಾಪಿಂಗಿನ ಸಂದಿಗಳು ನನಗೆ ಚೆನ್ನಾಗಿ ಗೊತ್ತು. ನಾಚಿಕೆಯ ಮಾತೇ.

ಲಂಡನ್ನಿನವರಿಂದ ನಾವು ತೆಗೆದುಕೊಳ್ಳಬೇಕಾದ್ದು ಒಂದಿದೆ. ರಾಜರದಷ್ಟೇ ಅಲ್ಲ, ದೋಣಿಯವನ ಹೆಸರಿಗೂ ಗೋಡೆಯ ಮೇಲೆ ಜಾಗ ಇರಬೇಕು. ಪಟ್ಟಣದ ಪ್ರತಿ ಘಟ್ಟಕ್ಕೂ, ಕೇರಿಗೂ ಕನ್ನಡದಲ್ಲಿ ನಾಲ್ಕು ಸಾಲಿನ ಫಲಕ ಹಾಕಲಿ. ಬೆಳಿಗ್ಗೆ ಎರಡು ಗಂಟೆ ನಡೆಸಿಕೊಂಡು ಹೋಗಲು ಊರಿನವರೇ ಒಬ್ಬರಿರಲಿ. ಆದರೆ ದಂಡೆಯನ್ನು ಚೆಂದ ಮಾಡುತ್ತೇವೆಂದು ಬಟ್ಟೆ ಒಗೆಯುವವರನ್ನು ಎಬ್ಬಿಸುವುದು ಬೇಡ. ವ್ಯಾಪಿಂಗಿನಲ್ಲಿ ಕಲ್ಲು ಸವೆಸಿದವರ ಮೊಮ್ಮಕ್ಕಳಿಗೆ ಅಲ್ಲಿ ಮನೆ ಕೊಳ್ಳಲು ಆಗುವುದಿಲ್ಲ.

ಅಮ್ಮ ಕೊನೆಗೆ ನನ್ನ ಕೈ ಹಿಡಿದು, ಪಾಚಿ ನೋಡಿಕೊಂಡು, ನಿಧಾನ ಇಳಿದೇ ಬಿಟ್ಟರು. ಥೇಮ್ಸಿನಲ್ಲಿ ಬೆರಳದ್ದಿ ತಲೆಗೆ ಹಚ್ಚಿಕೊಂಡರು. "ತಣ್ಣಗಿದೆ ಕಣೋ" ಅಂದರು.